ಬೀಸುಕಲ್ಲಿನೊಳಗಿನ ಉತ್ತರ

ಬೆಳಗಿನ ಜಾವ, ಕೋಳಿಗಿಂತ ಮೊದಲು, ನಮ್ಮ ಹಳೆಯ ಮನೆಯ ಪಡಸಾಲೆಯ ಮೂಲೆಯಿಂದ ಒಂದು ಸದ್ದು ಏಳುತ್ತಿತ್ತು. ದೂರದಲ್ಲೆಲ್ಲೋ ಗುಡುಗು ನಿದ್ದೆಗಣ್ಣಿನಲ್ಲಿ ಮಗ್ಗುಲು ಬದಲಿಸಿದ ಹಾಗೆ, ಕೌದಿಯೊಳಗೆ ನೆಲಕ್ಕೆ ಕಿವಿಯೊತ್ತಿ ಮಲಗಿದ ಹುಡುಗನಿಗೆ ಮಾತ್ರ ಪೂರ್ತಿ ದಕ್ಕುವ ಹಾಗೆ, ಕಿವಿಗಿಂತ ಎದೆಗೂಡಿಗೇ ಹೆಚ್ಚು ಕೇಳುತ್ತಿದ್ದ ಸದ್ದು ಅದು. ಆಯಿ ಜೋಳ ಬೀಸುತ್ತಿದ್ದಳು. ಒಂದು ಕಾಲು ಚಾಚಿ ಇನ್ನೊಂದು ಮಡಚಿ ಕೂತು, ಬಲಗೈಯಲ್ಲಿ ಗೂಟ ಹಿಡಿದು, ಎಡಗೈಯಿಂದ ಆಗೀಗ ಕಲ್ಲಿನ ಬಾಯಿಗೆ ಒಂದು ಮುಕ್ಕು ಕಾಳು ಸುರಿಯುತ್ತ, ತುಟಿಯೊಳಗೇ ಏನನ್ನೋ ಗುನುಗುತ್ತ, ಬುಡ್ಡಿ ದೀಪದ ಬೆಳಕಿನ ಅಂಚಿನಲ್ಲಿ ಅವಳು ಅರ್ಧ ಕಾಣುತ್ತಿದ್ದಳು, ಅರ್ಧ ಕತ್ತಲೊಳಗೇ ಇರುತ್ತಿದ್ದಳು. ಕಲ್ಲಿನ ಸುತ್ತ ಹಿಟ್ಟು ಬೆಳದಿಂಗಳ ಬಳೆಯಂತೆ ಬೀಳುತ್ತಿತ್ತು. ತಿರುಗುವ ಕಲ್ಲಿಗೂ ತಿರುಗದ ಕಲ್ಲಿಗೂ ನಡುವೆ ಕೂದಲೆಳೆಯಷ್ಟು ಜಾಗ. ಆ ಜಾಗದಲ್ಲಿ ನಮ್ಮ ಮನೆಯ ಒಂದು ದಿನ ಹುಟ್ಟುತ್ತಿತ್ತು.

ಆ ಕಲ್ಲು ಕಪ್ಪು. ನಮ್ಮ ಕಡೆ, ಅಂದರೆ ವಿಜಯಪುರ ಜಿಲ್ಲೆಯ ಡೋಣಿ ನದಿಯ ದಂಡೆಯ ಊರುಗಳಲ್ಲಿ, ಕಲ್ಲು ಅಂದರೆ ಕಪ್ಪೇ. ಗೋಡೆ ಕಪ್ಪು, ಬಾವಿಯ ಮೆಟ್ಟಿಲು ಕಪ್ಪು, ಒರಳು ಕಪ್ಪು, ಹನುಮಪ್ಪನ ಗುಡಿಯ ಕಟ್ಟೆಯೂ ಕಪ್ಪು. ಆ ಕಲ್ಲೇ ಮಳೆಗೆ ಬಿಸಿಲಿಗೆ ಯುಗಯುಗ ಸವೆದು, ಕರಗಿ, ಎರೆಮಣ್ಣಾಗಿ, ಬೇಸಿಗೆಯಲ್ಲಿ ಆಳುದ್ದ ಬಿರಿದು ಬಾಯಿ ತೆರೆದು ಮಲಗಿರುತ್ತದೆ, ಹಿಂಗಾರಿಯಲ್ಲಿ ಬಿಳಿಜೋಳವನ್ನು ತೂಗುತ್ತಿರುತ್ತದೆ. ಜೋಳ ಹೆತ್ತ ಮಣ್ಣೂ ಜೋಳ ಬೀಸಿದ ಕಲ್ಲೂ ಒಂದೇ ಬಳ್ಳಿಯವು ಅನ್ನುವುದು ಆಗ ಹೊಳೆದಿರಲಿಲ್ಲ. ಹೊಳೆದಿದ್ದು ಇಷ್ಟೇ: ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ದುಂಡನೆಯ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಳ್ಳದ ಮರಳಿನಲ್ಲಿ ಎಳೆದುಕೊಂಡು ಹೋದರೆ, ನೂರು ಹೆಜ್ಜೆ ನಡೆಯುವಷ್ಟರಲ್ಲಿ ಅದಕ್ಕೆ ಗಡ್ಡ ಬೆಳೆದಿರುತ್ತಿತ್ತು. ಕಪ್ಪು, ಮಿರುಗುವ, ಒಂದರ ತಲೆಯ ಮೇಲೊಂದು ನಿಂತ ಹರಳುಗಳ ಗಡ್ಡ. ಅದನ್ನು ಕಾಗದದ ಮೇಲೆ ಕೊಡವಿ, ಕಾಗದದ ಅಡಿಯಲ್ಲಿ ಅಯಸ್ಕಾಂತ ಆಡಿಸಿದರೆ, ಹರಳುಗಳು ಎದ್ದು ನಿಲ್ಲುತ್ತಿದ್ದವು, ಬಾಗುತ್ತಿದ್ದವು, ಗಾಳಿಯಿಲ್ಲದ ಹೊಲದಲ್ಲಿ ತೆನೆ ತೂಗುವ ಹಾಗೆ ತೂಗುತ್ತಿದ್ದವು. ನಾವು ಅದನ್ನು ಕಬ್ಬಿಣದ ಪುಡಿ ಅನ್ನುತ್ತಿದ್ದೆವು. ಯಾರ ಮನೆಯ ಕಬ್ಬಿಣ, ಯಾವ ಕಾಲದ್ದು, ಹಳ್ಳಕ್ಕೆ ಹೇಗೆ ಬಂತು ಅಂತ ಯಾರೂ ಕೇಳಲಿಲ್ಲ.

ನಮ್ಮ ಭಾಷೆಯಲ್ಲಿ ಈ ವಸ್ತುವಿಗೆ ಎರಡು ಹೆಸರು. ಒಂದು ಸೂಜಿಗಲ್ಲು, ಸೂಜಿಯನ್ನು ಸೆಳೆಯುವ ಕಲ್ಲು, ದರ್ಜಿಯ ಮನೆಯಲ್ಲಿ ಹುಟ್ಟಿದ ಹೆಸರಿರಬೇಕು ಅನ್ನಿಸುವಷ್ಟು ಮನೆವಾರ್ತೆಯ ಮಾತು. ಇನ್ನೊಂದು ಅಯಸ್ಕಾಂತ, ಅಯಸ್ಸಿನ ಕಾಂತ, ಕಬ್ಬಿಣದ ಇನಿಯ. ಯಾರೋ ಯಾವತ್ತೋ ಒಂದು ಕಲ್ಲಿನ ಕಡೆಗೆ ಕಬ್ಬಿಣ ತಾನಾಗಿ ಜರುಗಿದ್ದನ್ನು ಕಂಡು, ಇದು ಬಲವಲ್ಲ ಒಲವು ಎಂದುಕೊಂಡು ಇಟ್ಟ ಹೆಸರು. ಕೈಯಿಲ್ಲದೆ ಮುಟ್ಟುವುದು, ಹಗ್ಗವಿಲ್ಲದೆ ಎಳೆಯುವುದು, ನಡುವೆ ಕಾಗದ ಇಟ್ಟರೂ ಹಲಗೆ ಇಟ್ಟರೂ ಅಡ್ಡಿಯಾಗದಿರುವುದು. ವಿಜ್ಞಾನ ಓದಿದ ಮೇಲೆ ಅದನ್ನು ಕಾಂತಕ್ಷೇತ್ರ ಎಂದು ಕರೆಯಲು ಕಲಿತೆ. ಕ್ಷೇತ್ರ ಅಂದರೆ ಹೊಲವೂ ಹೌದು, ಕಾಶಿ ಗೋಕರ್ಣಗಳಂಥ ಪುಣ್ಯಸ್ಥಳವೂ ಹೌದು. ಪಠ್ಯಪುಸ್ತಕ ಬರೆದವರು ಇಷ್ಟೆಲ್ಲ ಯೋಚಿಸಿರಲಿಕ್ಕಿಲ್ಲ. ಆದರೆ ಆ ಕಾಗದದ ಮೇಲೆ ತೂಗುತ್ತಿದ್ದ ಕಪ್ಪು ತೆನೆಗಳನ್ನು ನೆನೆದಾಗ ಎರಡು ಅರ್ಥವೂ ನನಗೆ ಬೇಕಾಗುತ್ತದೆ.

ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು 1600ರಲ್ಲಿ ಬರೆದವನು ವಿಲಿಯಂ ಗಿಲ್ಬರ್ಟ್, ಇಂಗ್ಲೆಂಡಿನ ವೈದ್ಯ. ಸೂಜಿಗಲ್ಲನ್ನು ಚೆಂಡಿನಂತೆ ದುಂಡಗೆ ಕಡೆಸಿ, ಅದರ ಮೈಮೇಲೆ ಪುಟ್ಟ ಸೂಜಿಯನ್ನು ನಡೆಸುತ್ತ, ಅದು ನೆಲದ ಮೇಲಿನ ದಿಕ್ಸೂಚಿಯಂತೆಯೇ ಎಲ್ಲಿ ಬಾಗುತ್ತದೆ, ಎಲ್ಲಿ ಮಲಗುತ್ತದೆ ಎಂದು ನೋಡುತ್ತಿದ್ದ. ಅಂಗೈಯಲ್ಲಿ ಭೂಮಿಯನ್ನು ಹಿಡಿದು ಕೂತ ಆ ವೈದ್ಯನ ಚಿತ್ರ ನನಗೆ ಬಲು ಇಷ್ಟ. ಅವನು ಕಂಡದ್ದು ನಿಜ, ಆದರೆ ನಿಜದ ಸಿಪ್ಪೆ ಮಾತ್ರ. ಯಾಕೆಂದರೆ ಕಬ್ಬಿಣಕ್ಕೆ ಬಿಸಿ ಆಗದು. 770 ಡಿಗ್ರಿ ಸೆಲ್ಸಿಯಸ್ ದಾಟಿತೋ, ಕಬ್ಬಿಣ ತನ್ನ ಕಾಂತಗುಣವನ್ನೆಲ್ಲ ಮರೆತುಬಿಡುತ್ತದೆ. ಭೂಮಿಯ ಒಡಲೋ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಅಲ್ಲಿ ಯಾವ ಅಯಸ್ಕಾಂತವೂ ಅಯಸ್ಕಾಂತವಾಗಿ ಉಳಿಯುವಂತಿಲ್ಲ. ಹಾಗಿದ್ದರೆ ಸೂಜಿಯನ್ನು ತಿರುಗಿಸುತ್ತಿರುವುದು ಯಾರು?

ಕಣ್ಣು ಮುಚ್ಚಿ ಇಳಿಯಬೇಕು. ಆಯಿ ಕೂತ ಮಣೆಯ ಕೆಳಗಿನ ಸಗಣಿ ಸಾರಿಸಿದ ನೆಲ, ಅದರ ಕೆಳಗೆ ಎರೆ, ಎರೆಯ ಕೆಳಗೆ ಪದರಪದರವಾಗಿ ಕಪ್ಪು ಕಲ್ಲು, ಅದರ ಕೆಳಗೆ ಇನ್ನೂ ಹಳೆಯ ಕಲ್ಲು, ಆಮೇಲೆ ಹೆಸರಿಡಲು ಯಾರೂ ಹೋಗಿರದ ಕಲ್ಲು. ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ಎಳೆದ ನೇರ ಗೆರೆಯನ್ನು ಎತ್ತಿ ನೆಟ್ಟಗೆ ನೆಲದೊಳಕ್ಕೆ ಇಳಿಬಿಟ್ಟರೆ ಎಷ್ಟೋ ಅಷ್ಟು ಆಳ, ಸುಮಾರು 2,900 ಕಿಲೋಮೀಟರ್, ಹೋದಮೇಲೆ ಕಲ್ಲು ಮುಗಿಯುತ್ತದೆ. ಅಲ್ಲಿ ಒಂದು ಕಡಲಿದೆ. ಕರಗಿದ ಕಬ್ಬಿಣದ, ಒಂದಿಷ್ಟು ನಿಕ್ಕಲ್ಲಿನ, ಇನ್ನೊಂದಿಷ್ಟು ಹಗುರ ಧಾತುಗಳ ಕಡಲು. ನೀರಿನಷ್ಟೇ ತೆಳುವಾಗಿ ಹರಿಯಬಲ್ಲದ್ದು; ದಂಡೆಯಿಲ್ಲ, ಬೆಳಕಿಲ್ಲ, ನೋಡಿದವರಿಲ್ಲ. ಆ ಕಡಲಿನ ನಡುವೆ, ಸೂರ್ಯನ ಮೈಯಷ್ಟು ಬಿಸಿಯಲ್ಲೂ ಸುತ್ತಲಿನ ಒತ್ತಡಕ್ಕೆ ಗಟ್ಟಿಯಾಗಿಯೇ ಉಳಿದ ಒಂದು ಗುಂಡು, ಹೆಚ್ಚುಕಡಿಮೆ 1,220 ಕಿಲೋಮೀಟರ್ ತ್ರಿಜ್ಯದ್ದು. ಅದನ್ನು 1936ರಲ್ಲಿ ಕಂಡವಳು ಡೆನ್ಮಾರ್ಕಿನ ಇಂಗೆ ಲೆಹ್ಮನ್. ಕಣ್ಣಿನಿಂದಲ್ಲ, ದೂರದ ಭೂಕಂಪದ ಅಲೆಗಳು ಭೂಮಿಯೊಳಗಿಂದ ಹಾದು ಬರುವಾಗ ಎಲ್ಲಿ ಮುಗ್ಗರಿಸಿದವು ಎಂದು ಕೇಳಿಸಿಕೊಂಡು. ನೆಲಕ್ಕೆ ಕಿವಿಯೊತ್ತಿ ಮಲಗಿದ್ದವಳು ಅವಳೂ.

ಆ ಕಡಲು ಸುಮ್ಮನಿಲ್ಲ. ಭೂಮಿ ಹುಟ್ಟಿದಂದಿನಿಂದ ಆರುತ್ತಲೇ ಇದೆ, ಹಾಗೆ ಆರುತ್ತ ಆರುತ್ತ ಕಡಲು ತಳದಿಂದ ಹೆಪ್ಪುಗಟ್ಟುತ್ತ ಬರುತ್ತಿದೆ, ವರ್ಷಕ್ಕೆ ಒಂದು ಮಿಲಿಮೀಟರಿನ ಆಸುಪಾಸು. ಕಬ್ಬಿಣ ಗಟ್ಟಿಯಾಗಿ ನಡುಗುಂಡಿಗೆ ಅಂಟಿಕೊಂಡಾಗ ಅದರೊಳಗಿದ್ದ ಹಗುರವಾದದ್ದು ಹೊರಗುಳಿದು ಮೇಲಕ್ಕೇಳುತ್ತದೆ; ಮೇಲೆ ತಣಿದದ್ದು ಕೆಳಗಿಳಿಯುತ್ತದೆ; ಹೀಗೆ ಏಳುವ ಇಳಿಯುವ ಹೊಳೆಗಳನ್ನೆಲ್ಲ ಭೂಮಿಯ ತಿರುಗಾಟ ಹುರಿ ಹೊಸೆದಂತೆ ಹೊಸೆದು ಉತ್ತರದಕ್ಷಿಣವಾಗಿ ನಿಂತ ಕಂಬಗಳಾಗಿಸುತ್ತದೆ. ವೇಗ ಎಷ್ಟು ಅಂದರೆ ಸೆಕೆಂಡಿಗೆ ಅರ್ಧ ಮಿಲಿಮೀಟರಿನ ಸುಮಾರು. ಮಳೆಗಾಲದಲ್ಲಿ ಗೋಡೆ ಹತ್ತುವ ಬಸವನಹುಳು ಇದಕ್ಕಿಂತ ಬೇಗ ಹೋಗುತ್ತದೆ. ಆದರೂ ಆ ನಿಧಾನ ನಡಿಗೆಯೇ ಸಾಕು. ಹರಿಯುವ ಲೋಹ ಕಾಂತಕ್ಷೇತ್ರವನ್ನು ಹಾದುಹೋದಾಗ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ, ವಿದ್ಯುತ್ತು ಹರಿದಲ್ಲೆಲ್ಲ ಕಾಂತಕ್ಷೇತ್ರ ಹುಟ್ಟುತ್ತದೆ, ಆ ಕ್ಷೇತ್ರವನ್ನು ಹಾದು ಲೋಹ ಮತ್ತೆ ಹರಿಯುತ್ತದೆ. 1919ರಲ್ಲಿ ಜೋಸೆಫ್ ಲಾರ್ಮರ್ ಈ ಮಾತನ್ನು ಮೊದಲು ಎತ್ತಿದಾಗ ಅವನ ಮನಸ್ಸಿನಲ್ಲಿ ಮುಖ್ಯವಾಗಿ ಇದ್ದದ್ದು ಸೂರ್ಯ. ಭೂಮಿಗೂ ಅದೇ ನ್ಯಾಯ ಎಂದು ಲೆಕ್ಕ ಹಾಕಿ ತೋರಿಸಲು ಇನ್ನೂ ಹಲವು ದಶಕ ಬೇಕಾದವು.

ಇದನ್ನು ಡೈನಮೋ ಅನ್ನುತ್ತಾರೆ. ನನಗೆ ಸೈಕಲ್ಲಿನ ಹಿಂಗಾಲಿಗೆ ಕೆನ್ನೆಯೊತ್ತಿ ಗುರ್ರೆನ್ನುತ್ತಿದ್ದ ಡೈನಮೋ ಗೊತ್ತು. ಆದರೆ ಅದರ ಹೊಟ್ಟೆಯೊಳಗೆ ಮೊದಲೇ ಒಂದು ಅಯಸ್ಕಾಂತ ಇರುತ್ತಿತ್ತು. ಭೂಮಿಯ ಹೊಟ್ಟೆಯಲ್ಲಿ ಅದೂ ಇಲ್ಲ. ಅದಕ್ಕೇ ನನಗೆ ಸೈಕಲ್ಲಿಗಿಂತ ಆಯಿಯ ಮೊಸರಿನ ಗಡಿಗೆ ಹತ್ತಿರ ಅನ್ನಿಸುತ್ತದೆ. ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ ಹೆಪ್ಪು, ಇಂದಿನದು ನಾಳೆಗೆ. ಮೊಸರು ಮೊಸರನ್ನೇ ಹುಟ್ಟಿಸುತ್ತ ಹೋಗುತ್ತದೆ, ಹಾಲು ಮತ್ತು ಬೆಚ್ಚಗಿನ ಇರುಳು ಇರುವ ತನಕ. ಒಂದು ದಿನ ಹೆಪ್ಪು ತಪ್ಪಿದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಬೇಕು. ಭೂಮಿಯೂ ಮೊಟ್ಟಮೊದಲ ಹೆಪ್ಪನ್ನು ನೆರೆಯಿಂದಲೇ ತಂದಿರಬೇಕು, ಎಳೆಯ ಸೂರ್ಯನ ಸುತ್ತ ಹರಡಿದ್ದ ಯಾವುದೋ ನವಿರಾದ ಕ್ಷೇತ್ರದಿಂದ. ಆ ಮೇಲೆ ಗಡಿಗೆ ಬರಿದಾಗಿಲ್ಲ. ಹರಿಯುವಿಕೆ ನಿಂತುಹೋದರೆ ಕೆಲವೇ ಹತ್ತು ಸಾವಿರ ವರ್ಷಗಳಲ್ಲಿ ಈ ಕಾಂತಕ್ಷೇತ್ರ ಆವಿಯಾಗಿಬಿಡುತ್ತದೆ; ಆದರೆ ದಕ್ಷಿಣ ಆಫ್ರಿಕಾದ ಹಳೆಯ ಶಿಲೆಗಳು ಹೇಳುವಂತೆ ಅದು ಕನಿಷ್ಠ 340 ಕೋಟಿ ವರ್ಷಗಳಿಂದ ಇದೆ. ಅಂದರೆ ಅಷ್ಟು ಕಾಲವೂ, ಒಂದು ಇರುಳೂ ತಪ್ಪದೆ, ಕತ್ತಲೊಳಗೆ ಯಾರೋ ಹೆಪ್ಪು ಹಾಕುತ್ತ ಬಂದಿದ್ದಾರೆ.

ಯಾರೋ ಅಂದೆ. ಬರೆದಮೇಲೆ ಹೊಡೆದುಹಾಕಲು ಮನಸ್ಸು ಬರಲಿಲ್ಲ.

ಇಲ್ಲಿ ಒಂದು ಬಂಗಾರದ ಕತೆ ಹೇಳಲೇಬೇಕು. ಪ್ಯಾಟ್ರಿಕ್ ಬ್ಲಾಕೆಟ್ ಎಂಬ ಬ್ರಿಟಿಷ್ ಭೌತವಿಜ್ಞಾನಿ, 1948ರ ನೊಬೆಲ್ ಪಡೆದವರು, ಬೇರೆಯೇ ಒಂದು ಚೆಲುವಾದ ಊಹೆಯ ಬೆನ್ನು ಹತ್ತಿದ್ದರು. ಕರಗಿದ ಕಬ್ಬಿಣ, ಹೊಳೆ, ಹೆಪ್ಪು ಇದೇನೂ ಬೇಡ; ತಿರುಗುವುದೆಲ್ಲ, ಬರಿಯ ತಿರುಗುವಿಕೆಯ ಪುಣ್ಯದಿಂದಲೇ, ಒಂದಿಷ್ಟು ಕಾಂತತೆಯನ್ನು ಸೂಸುತ್ತಿದ್ದರೆ? ಭೂಮಿ ತಿರುಗುತ್ತದೆ, ಸೂರ್ಯ ತಿರುಗುತ್ತಾನೆ, ನಕ್ಷತ್ರ ತಿರುಗುತ್ತದೆ. ಎಲ್ಲಕ್ಕೂ ಒಂದೇ ಸೂತ್ರ. ನಿಜವಾಗಿದ್ದರೆ ಆಯಿಯ ಬೀಸುಕಲ್ಲಿಗೂ ಆ ಸೂತ್ರ ಅನ್ವಯಿಸಬೇಕಿತ್ತು. ಪರೀಕ್ಷೆ ಮಾಡಲು ಬ್ಲಾಕೆಟ್ ಭಾರವಾದ, ಆದರೆ ತಾನಾಗಿ ಕಾಂತತೆಯಿಲ್ಲದ ವಸ್ತುವನ್ನು ಹುಡುಕಿದರು. ಸಿಕ್ಕಿದ್ದು ಅಪರಂಜಿ. ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ಕಡ ತಂದ ಹದಿನೈದು ಕಿಲೋ ಚಿನ್ನವನ್ನು ಗೇಣಿಗಿಂತ ಗಿಡ್ಡನೆಯ ಉರುಳೆಯಾಗಿಸಿ, ಜೋಡ್ರೆಲ್ ಬ್ಯಾಂಕಿನ ಹೊಲಗಳ ನಡುವೆ ಕಾಂತತೆಯ ಸೋಂಕಿಲ್ಲದಂತೆ ಕಟ್ಟಿದ ಗುಡಿಸಲೊಳಗೆ ಇಟ್ಟರು. ಅದನ್ನು ಯಾರೂ ತಿರುಗಿಸಬೇಕಾಗಿರಲಿಲ್ಲ. ಭೂಮಿಯೇ ಅದನ್ನು ಹೊತ್ತು ತಿರುಗುತ್ತಿತ್ತು. ಪಕ್ಕದಲ್ಲಿ, ಆ ಕಾಲಕ್ಕೆ ಸರಿಸಾಟಿಯಿಲ್ಲದಷ್ಟು ಸೂಕ್ಷ್ಮವಾದ ಕಾಂತಮಾಪಕ, ಎಳೆಯೊಂದಕ್ಕೆ ತೂಗುಬಿದ್ದು, ಉಸಿರು ಬಿಗಿಹಿಡಿದು, ಬಂಗಾರ ಏನಾದರೂ ನುಡಿದೀತೇ ಎಂದು ಕಾಯುತ್ತಿತ್ತು.

ಬಂಗಾರ ನುಡಿಯಲಿಲ್ಲ. ಸೋತ ಪ್ರಯೋಗ ಎಂದು ಬ್ಲಾಕೆಟ್ 1952ರಲ್ಲಿ ತಾವೇ ಬರೆದು ಪ್ರಕಟಿಸಿದರು. ಆ ಪ್ರಾಮಾಣಿಕತೆಯ ಬೆಲೆ ಹದಿನೈದು ಕಿಲೋಗಿಂತ ಹೆಚ್ಚು ಎಂದೇ ನನ್ನ ಲೆಕ್ಕ. ಚಿನ್ನ ವಾಪಸು ಹೋಯಿತು. ಕಾಂತಮಾಪಕ ಉಳಿಯಿತು. ಬಂಗಾರದಲ್ಲಿ ಏನೂ ಕೇಳದ ಆ ಕಿವಿಯನ್ನು ಬ್ಲಾಕೆಟ್ ಮತ್ತು ಅವರ ಜೊತೆಗಾರರು ಕಲ್ಲುಗಳ ಕಡೆಗೆ ತಿರುಗಿಸಿದರು. 1950ರ ದಶಕದಲ್ಲಿ ಲಂಡನ್ನಿನ ಅವರ ಪ್ರಯೋಗಶಾಲೆಗೆ ದಖನ್ನಿನ ಕಪ್ಪು ಕಲ್ಲುಗಳೂ ಹೋದವು, ನಮ್ಮ ಗೋಡೆಯ, ನಮ್ಮ ಒರಳಿನ ದಾಯಾದಿಗಳು. ಅವು ಮಾತಾಡಿದವು.

ಏನು ಹೇಳಿದವು ಅನ್ನುವುದಕ್ಕೆ ಮುಂಚೆ, ಕಲ್ಲು ಮಾತು ಕಲಿತ ಬಗೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ನೆಲ ಸೀಳಿ ಕಲ್ಲು ಹೊಳೆಯಾಗಿ ಹರಿಯಿತು; ಒಂದು ಸಲವಲ್ಲ, ಹಾಸಿನ ಮೇಲೆ ಹಾಸಾಗಿ, ಈಗಿನ ಮಹಾರಾಷ್ಟ್ರದಿಂದ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳವರೆಗೆ. ಕೆಂಪಗೆ ಹರಿದದ್ದು ಕಪ್ಪಗೆ ಆರತೊಡಗಿದಾಗ, ಅದರೊಳಗೆ ಮ್ಯಾಗ್ನಟೈಟ್ ಜಾತಿಯ ಕಣಗಳು, ಬರಿಗಣ್ಣಿಗೆ ಕಾಣದಷ್ಟು ಸಣ್ಣವು, ಕೆಲವು ನೂರು ಡಿಗ್ರಿಗೆ ಇಳಿಯುವ ಹೊತ್ತಿಗೆ ಒಮ್ಮೆಲೇ ಎಚ್ಚರಗೊಂಡವು. ಎಚ್ಚರಗೊಂಡ ಗಳಿಗೆಯಲ್ಲಿ ಭೂಮಿಯ ಕಾಂತಕ್ಷೇತ್ರ ಯಾವ ಕಡೆಗಿತ್ತೋ ಆ ಕಡೆಗೆ ಅವುಗಳ ಒಳಗಿನ ಕಾಂತತೆ ಮುಖ ಮಾಡಿತು. ಕಲ್ಲು ಗಟ್ಟಿಯಾಯಿತು. ಮುಖ ಹಾಗೆಯೇ ಉಳಿಯಿತು. ದೇವರ ಮುಂದೆ ಕೈಮುಗಿದ ಸಾಲೊಂದು ಹಾಗೇ ಕಲ್ಲಾಗಿ ನಿಂತಂತೆ, ಅಂದಿನಿಂದ ಇಂದಿನವರೆಗೂ ಅವು ಅಂದಿನ ಉತ್ತರವನ್ನೇ ನೋಡುತ್ತಿವೆ.

ಆದರೆ ಅಂದಿನ ಉತ್ತರ ಇಂದಿನದಲ್ಲ. ದಖನ್ನಿನ ಹಲವು ಪದರಗಳಲ್ಲಿ ಆ ಕಣಗಳು ದಕ್ಷಿಣಕ್ಕೆ, ಒಂದಿಷ್ಟು ಪೂರ್ವಕ್ಕೆ ವಾಲಿ, ನೆಲದೊಳಕ್ಕೆ ಕಡಿದಾಗಿ ಇಳಿದ ದಿಕ್ಕನ್ನು ತೋರಿಸುತ್ತವೆ. ಇದಕ್ಕೆ ಎರಡು ಕಾರಣ, ಎರಡೂ ತಲೆ ತಿರುಗಿಸುವಂಥವು. ಒಂದು, ಆಗ ಭೂಮಿಯ ಧ್ರುವಗಳು ಅದಲುಬದಲಾಗಿದ್ದವು. ನಮ್ಮ ಇಂದಿನ ದಿಕ್ಸೂಚಿಯನ್ನು ಅಂದು ಹಿಡಿದಿದ್ದರೆ ಸೂಜಿಯ ಉತ್ತರದ ತುದಿ ದಕ್ಷಿಣಕ್ಕೆ ತಿರುಗುತ್ತಿತ್ತು. ಆಳದ ಕಬ್ಬಿಣದ ಕಡಲಿಗೆ ಇದೊಂದು ಅಭ್ಯಾಸ. ಅದು ಆಗಾಗ ಮಗ್ಗುಲು ಬದಲಿಸುತ್ತದೆ. ಕೊನೆಯ ಸಲ ಬದಲಿಸಿದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. 1995ರಲ್ಲಿ ಗ್ಲಾಟ್ಜ್‌ಮೈಯರ್ ಮತ್ತು ರಾಬರ್ಟ್ಸ್ ಕಂಪ್ಯೂಟರಿನೊಳಗೆ ಒಂದು ಪುಟ್ಟ ಭೂಗರ್ಭವನ್ನು ಕಟ್ಟಿ ಹರಿಯಬಿಟ್ಟಾಗ, ಯಾರೂ ಹೇಳದೆ ಕೇಳದೆ ಅದೂ ಒಮ್ಮೆ ಮಗ್ಗುಲು ಬದಲಿಸಿತಂತೆ. ಎರಡನೆಯ ಕಾರಣ, ಸೂಜಿಯ ವಾಲು. ಕಾಂತ ಸಮಭಾಜಕದ ಮೇಲೆ ಸೂಜಿ ನೆಲಕ್ಕೆ ಸಮನಾಗಿ ಮಲಗುತ್ತದೆ. ಕೇರಳದ ತುಂಬಾ ಎಂಬ ಊರು ಅಂಥ ಜಾಗದಲ್ಲಿ ಇತ್ತೆಂದೇ 1963ರ ನವೆಂಬರ್ 21ರಂದು ನಮ್ಮ ನೆಲದ ಮೊದಲ ರಾಕೆಟ್ಟು ಅಲ್ಲಿನ ಮೀನುಗಾರರ ತೀರದಿಂದ ಹಾರಿತು. ಧ್ರುವದ ಕಡೆ ಹೋದಂತೆ ಸೂಜಿ ಬಾಗುತ್ತ ಬಾಗುತ್ತ ಕಡೆಗೆ ನೆಟ್ಟಗೆ ನಿಲ್ಲುತ್ತದೆ. ಕಲ್ಲಿನೊಳಗಿನ ಬಾಗು ಓದಿದರೆ ಆ ಕಲ್ಲು ಹುಟ್ಟಿದ ಊರು ಸಮಭಾಜಕದಿಂದ ಎಷ್ಟು ದೂರ ಅನ್ನುವುದು ತಿಳಿಯುತ್ತದೆ. ನಮ್ಮ ಕಲ್ಲು ಹುಟ್ಟಿದ್ದು ಸಮಭಾಜಕ ವೃತ್ತದ ಆಚೆ, ದಕ್ಷಿಣದಲ್ಲಿ, ಇಂದು ರೀಯೂನಿಯನ್ ದ್ವೀಪದ ಜ್ವಾಲಾಮುಖಿ ಹೊಗೆಯಾಡುತ್ತಿರುವ ಕಡಲಿನ ಕಡೆ.

ಆಯಿ ಜೀವಮಾನದಲ್ಲಿ ಪಂಢರಪುರದಾಚೆ ಹೋದವಳಲ್ಲ. ಅವಳ ಕೈಯೊಳಗಿನ ಕಲ್ಲು ಕಡಲು ದಾಟಿ ಬಂದಿತ್ತು.

ಗೋಲಗುಮ್ಮಟಕ್ಕೆ ಹೋದವರೆಲ್ಲ ಮೇಲಿನ ಪಿಸುಗುಟ್ಟುವ ಮೊಗಸಾಲೆ ಹತ್ತಿ ಕೂಗು ಹಾಕಿ, ತಮ್ಮ ದನಿ ಏಳೆಂಟು ಸಲ ಮರಳುವುದನ್ನು ಕೇಳಿ ಖುಷಿಪಟ್ಟು ಇಳಿದುಬರುತ್ತಾರೆ. ನಾನೂ ಕೂಗಿದ್ದೇನೆ. ಈಗ ಹೋದರೆ ಕೂಗಲು ಬಾಯಿ ಬರುವುದಿಲ್ಲ. ಹೊರಗಿನ ಗೋಡೆಗೆ ಅಂಗೈಯಿಟ್ಟು ಸುಮ್ಮನೆ ನಿಲ್ಲುತ್ತೇನೆ. ಒಂದೊಂದು ಕಲ್ಲನ್ನೂ ಗಣಿಯಿಂದ ಕಿತ್ತು, ಹೊರಳಿಸಿ, ಕೆತ್ತಿ, ಒಂದನ್ನು ಮಗುಚಿ ಒಂದನ್ನು ಅಡ್ಡಡ್ಡ ಇಟ್ಟು ಕಟ್ಟಿದ ಗೋಡೆ ಅದು. ಆದ್ದರಿಂದ ಪ್ರತಿಯೊಂದರೊಳಗಿನ ಹಳೆಯ ಉತ್ತರ ಒಂದೊಂದು ಕಡೆಗೆ ತಿರುಗಿಕೊಂಡಿದೆ. ಸಾವಿರಾರು ಸೂಜಿಗಳು, ಸಾವಿರಾರು ದಿಕ್ಕು, ಎಲ್ಲವೂ ಸದ್ದಿಲ್ಲದೆ. ಗುಮ್ಮಟದೊಳಗಿನ ಪ್ರತಿಧ್ವನಿಗಿಂತ ಈ ಗೋಡೆಯ ಮೌನದಲ್ಲಿ ಗದ್ದಲ ಜಾಸ್ತಿ.

ಇಷ್ಟೆಲ್ಲ ಯಾಕೆ, ಇದರಿಂದ ನಮಗೇನು ಎಂದು ಕೇಳುವವರಿಗೆ ಕೊಡುವ ಸಿದ್ಧ ಉತ್ತರವೊಂದಿದೆ: ಕಾಂತಕ್ಷೇತ್ರ ಭೂಮಿಗೆ ಕೊಡೆ. ಸುಳ್ಳಲ್ಲ. ಸೂರ್ಯನಿಂದ ಸೆಕೆಂಡಿಗೆ 400 ಕಿಲೋಮೀಟರಿನ ಸುಮಾರಿಗೆ ವಿದ್ಯುದಾವಿಷ್ಟ ಕಣಗಳ ಗಾಳಿ ಬೀಸುತ್ತಲೇ ಇರುತ್ತದೆ. ನಮ್ಮಿಂದ ಅರವತ್ತು ಸಾವಿರ ಕಿಲೋಮೀಟರ್ ದೂರದಲ್ಲೇ ಅದು ಕಾಣದ ಗೋಡೆಯೊಂದಕ್ಕೆ ತಾಗಿ ಎರಡು ಹೋಳಾಗಿ ಹರಿದುಹೋಗುತ್ತದೆ, ಬಂಡೆಯ ಎರಡು ಮಗ್ಗುಲಲ್ಲಿ ಹೊಳೆ ಹರಿದಂತೆ. ಬಂಡೆಯ ಹಿಂದೆ ನೀರು ಎಳೆಯುವ ಗೆರೆಯ ಹಾಗೆ ಭೂಮಿಯ ಹಿಂದೆಯೂ ಚಂದ್ರನಾಚೆಗೆ ಚಾಚಿದ ಬಾಲವೊಂದಿದೆ. ಮಂಗಳನಲ್ಲಿ ಸುಮಾರು 400 ಕೋಟಿ ವರ್ಷಗಳ ಹಿಂದೆ ಹೆಪ್ಪು ತಪ್ಪಿತು, ಗಡಿಗೆ ತಣ್ಣಗಾಯಿತು. ಅವನ ದಕ್ಷಿಣದ ಹಳೆಯ ನೆಲದ ಕಲ್ಲುಗಳು ಮಾತ್ರ ಇನ್ನೂ ಆ ಕಾಂತತೆಯನ್ನು ಹಿಡಿದುಕೊಂಡಿವೆ. ಮಾಲೀಕ ಊರು ಬಿಟ್ಟ ಮನೆಯ ಗೋಡೆಯಲ್ಲಿ ಉಳಿದ ಕನ್ನಡಿಯ ಗುರುತಿನಂತೆ. ಸೂರ್ಯನ ಗಾಳಿ ಅವನ ವಾಯುಮಂಡಲವನ್ನು ಎಳೆಎಳೆಯಾಗಿ ಒಯ್ಯುತ್ತಲೇ ಇದೆ. ಆದರೆ ಶುಕ್ರನಿಗೂ ಸ್ವಂತ ಕಾಂತಕ್ಷೇತ್ರವಿಲ್ಲ, ಅವನ ಮೇಲಿನ ಗಾಳಿಯೋ ನಮ್ಮದಕ್ಕಿಂತ ತೊಂಬತ್ತು ಪಟ್ಟು ಒತ್ತುತ್ತದೆ. ಹಾಗಾಗಿ ಕೊಡೆ ಅಂದುಬಿಡುವಾಗ ನನ್ನ ನಾಲಿಗೆ ಸ್ವಲ್ಪ ತಡವರಿಸುತ್ತದೆ. ಮತ್ತೆ, ಉಪಯೋಗ ಹೇಳಿಯೇ ಬೆರಗನ್ನು ಒಪ್ಪಿಸಬೇಕು ಅನ್ನುವುದೂ ನನಗೆ ಅಷ್ಟು ಹಿಡಿಸುವುದಿಲ್ಲ. ಗುರುವಿನ ಒಡಲಲ್ಲಿ ಒತ್ತಡಕ್ಕೆ ಲೋಹವಾಗಿಬಿಟ್ಟ ಹೈಡ್ರೋಜನ್ ಹರಿದು ಕಟ್ಟಿದ ಕಾಂತಮಂಡಲ ಕಣ್ಣಿಗೆ ಕಾಣುವಂತಿದ್ದರೆ ನಮ್ಮ ಇರುಳ ಬಾನಿನಲ್ಲಿ ಹುಣ್ಣಿಮೆ ಚಂದ್ರನಿಗಿಂತ ದೊಡ್ಡದಾಗಿ ತೋರುತ್ತಿತ್ತು. ಅದರ ಕೆಳಗೆ ಯಾರನ್ನೂ ಅದು ಕಾಪಾಡುತ್ತಿಲ್ಲ. ಸುಮ್ಮನೆ ಅರಳಿಕೊಂಡಿದೆ.

ಕಾಣದ್ದು ಒಮ್ಮೊಮ್ಮೆ ಕಂಡುಬಿಡುತ್ತದೆ. 2024ರ ಮೇ 10ರ ರಾತ್ರಿ, ಲಡಾಖಿನ ಹಾನ್ಲೆಯಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಆ ಎತ್ತರದ ಬೋಳು ಬೆಟ್ಟಗಳ ಉತ್ತರದಂಚಿನಲ್ಲಿ, ಆಕಾಶ ಕೆಂಪಾಯಿತು. ಸೂರ್ಯ ಕೆರಳಿ ಉಗುಳಿದ ಕಣಗಳ ಹೊಡೆತಕ್ಕೆ ಕಾಂತಕ್ಷೇತ್ರದ ತಂತಿಗಳು ಮಿಡಿದು, ಬಲು ಎತ್ತರದ ಆಮ್ಲಜನಕ ಹೊತ್ತಿಕೊಂಡ ಕೆಂಪು ಅದು; ನಾರ್ವೆ ಐಸ್‌ಲ್ಯಾಂಡಿನವರಿಗೆ ಮನೆಯ ಮಾತು, ನಮಗೆ ಅಪರೂಪದಲ್ಲಿ ಅಪರೂಪ. ಚಿತ್ರ ನೋಡಿದಾಗ ನನಗೆ ನೆನಪಾದದ್ದು ನಸುಕಿನಲ್ಲಿ ಆಯಿಯ ಒಲೆಯ ಹಿಂದಿನ ಗೋಡೆ. 1859ರ ಸೆಪ್ಟೆಂಬರಿನಲ್ಲಿ ಇದಕ್ಕಿಂತ ದೊಡ್ಡ ಬಿರುಗಾಳಿ ಎದ್ದಿತ್ತು. ಅಂದು ಮುಂಬೈಯ ಕೊಲಾಬಾದ ವೀಕ್ಷಣಾಲಯದಲ್ಲಿ, ಹಾಡಹಗಲಲ್ಲಿ, ಸೂಜಿಯ ಮುಂದೆ ಕಣ್ಣಿಟ್ಟು ಕೂತಿದ್ದವರು ಕೆಲವೇ ಗಂಟೆಗಳಲ್ಲಿ ಕಾಂತಬಲ ಸುಮಾರು 1,600 ನ್ಯಾನೊಟೆಸ್ಲಾ ಕುಸಿದದ್ದನ್ನು ಓದಿ ಓದಿ ಬರೆದಿಟ್ಟರು. ಕಿಟಕಿಯಾಚೆ ಕಡಲು, ದೋಣಿ, ಬಿಸಿಲು; ಏನೂ ಆಗಿರಲಿಲ್ಲ. ಸೂಜಿಗೆ ಮಾತ್ರ ಗೊತ್ತಿತ್ತು. ಮುಂದೆ ಊರಿಗೆ ವಿದ್ಯುತ್ ಟ್ರಾಮು ಬರಲಿದೆ, ಅದರ ವಿದ್ಯುತ್ತಿನ ಗದ್ದಲದಲ್ಲಿ ಸೂಜಿಗೆ ಭೂಮಿಯ ದನಿ ಕೇಳದು ಎಂದು ಆಗಿನ ನಿರ್ದೇಶಕ ನಾನಾಭಾಯಿ ಮೂಸ್ ಉಪಕರಣಗಳನ್ನು ಕೊಲ್ಲಿಯಾಚೆಯ ಅಲಿಬಾಗಿಗೆ ಸಾಗಿಸಿದರು. 1904ರಿಂದ ಅಲ್ಲಿ, ಕಾಂತತೆಯಿಲ್ಲದ ಪೋರಬಂದರ್ ಕಲ್ಲಿನ ಮನೆಯಲ್ಲಿ, ಸೂಜಿ ಕೂತಿದೆ. ಗುಡಿಗೆ ಹೋಗುವವರು ಚಪ್ಪಲಿ ಬಿಟ್ಟು ಹೋಗುವಂತೆ ಕಬ್ಬಿಣವನ್ನು ಹೊರಗೆ ಬಿಟ್ಟು ಕಟ್ಟಿದ ಮನೆ.

ಸೂಜಿಯನ್ನು ಮೈಯೊಳಗೇ ಹೊತ್ತವರೂ ಇದ್ದಾರೆ. 1975ರಲ್ಲಿ ರಿಚರ್ಡ್ ಬ್ಲೇಕ್‌ಮೋರ್ ಅಮೆರಿಕದ ಮ್ಯಾಸಚೂಸೆಟ್ಸಿನ ಜೌಗಿನ ಕೆಸರನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ, ಕೆಲವು ಬ್ಯಾಕ್ಟೀರಿಯಾಗಳು ಹನಿಯ ಒಂದೇ ಅಂಚಿಗೆ ಈಜಿ ಹೋಗುವುದನ್ನು ಕಂಡ. ಎಷ್ಟು ಸಲ ತಿರುಗಿಸಿಟ್ಟರೂ ಅದೇ ಅಂಚು, ಉತ್ತರದ್ದು. ಅವುಗಳ ಒಳಗೆ ಮ್ಯಾಗ್ನಟೈಟ್ ಹರಳುಗಳು, ಹದಿನೈದೋ ಇಪ್ಪತ್ತೋ, ಪೋಣಿಸಿದ ಗುಂಡಿನ ಸರದ ಹಾಗೆ ಒಂದೇ ಸಾಲಿನಲ್ಲಿ. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಹೋಗುವುದೆಂದರೆ ಕಾಂತರೇಖೆಯ ಜಾಡು ಹಿಡಿದು ಕೆಳಕ್ಕೆ, ಕೆಸರಿನ ಮನೆಗೆ ಇಳಿಯುವುದು. ಅಷ್ಟು ಸಣ್ಣ ಜೀವಕ್ಕೆ ಮೇಲು ಕೆಳಗು ತಿಳಿಯುವಷ್ಟು ಭಾರವೂ ಇಲ್ಲ. ಭೂಗರ್ಭದ ಕಬ್ಬಿಣದ ಕಡಲು ಅದಕ್ಕೆ ಮನೆಯ ದಾರಿ ಹೇಳುತ್ತದೆ. ಸತ್ತ ಮೇಲೂ ಅವು ಈಜದಿದ್ದರೂ ಉತ್ತರದಕ್ಷಿಣವಾಗಿ ತಿರುಗಿಯೇ ಮಲಗುತ್ತವಂತೆ.

"ಉತ್ತರಕ್ಕ ತಲಿ ಹಾಕಬ್ಯಾಡಪಾ," ಅನ್ನುತ್ತಿದ್ದಳು ಆಯಿ, ಕೌದಿ ಹಾಸುವಾಗ. ಕಾರಣ ಕೇಳಿದರೆ ಗಣಪತಿಯ ಕತೆ; ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಗೆ ಏನಾಯಿತು, ಯಾರಿಗೆ ಯಾರ ತಲೆ ಬಂತು. ಆ ಕತೆಯೇ ಸಾಕಿತ್ತು. ಈಗ ವಾಟ್ಸಾಪಿನಲ್ಲಿ ರಕ್ತದ ಕಬ್ಬಿಣವನ್ನು ಧ್ರುವ ಸೆಳೆಯುತ್ತದೆ ಎಂಬ ವಿವರಣೆ ವಾರಕ್ಕೊಮ್ಮೆ ಬರುತ್ತದೆ. ರಕ್ತದ ಕಬ್ಬಿಣ ಆ ಜಾತಿಯದಲ್ಲ, ಭೂಮಿಯ ಸೆಳೆತವೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಬಿಲ್ಲೆಗಿಂತ ನೂರು ಪಟ್ಟಾದರೂ ಮೆಲ್ಲನೆಯದು. ಅಷ್ಟು ಮೆಲ್ಲನೆಯದಾಗಿಯೂ ಕೋಟಿ ಕೋಟಿ ವರ್ಷ ಕಲ್ಲಿನಲ್ಲಿ ಉಳಿಯುವುದು, ಕೆಸರಿನ ಹುಳುವಿಗೆ ಕೇಳುವುದು, ಅದನ್ನು ಬಿಟ್ಟು ಈ ಸುಳ್ಳು ವಿವರಣೆ ಯಾಕೆ ಬೇಕೋ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಮನೆಗೆ ಬೀಗ ಬಿದ್ದು ವರ್ಷಗಳಾಗಿವೆ. ಬೀಸುಕಲ್ಲು ಅದೇ ಮೂಲೆಯಲ್ಲಿತ್ತು, ಗೂಟವಿಲ್ಲದೆ, ಮೇಲೆ ಹಳೆಯ ಚೀಲವೊಂದನ್ನು ಹೊದ್ದು. ನಡುವಿನ ಕಬ್ಬಿಣದ ಕೀಲನ್ನು ಯಾರೋ ಎಂದೋ ಕಿತ್ತುಕೊಂಡು ಹೋಗಿದ್ದರು. ಅದೂ ಒಳ್ಳೆಯದೇ ಆಯಿತು. ಫೋನಿನಲ್ಲೂ ದಿಕ್ಸೂಚಿ ಇದೆ, ಆದರೆ ಅದು ಗಾಳಿಯಲ್ಲಿ ಎಂಟು ಬರೆಯಿರಿ ಅನ್ನುತ್ತದೆ; ನಾನು ತಂದದ್ದು ಹಿತ್ತಾಳೆಯ ಡಬ್ಬಿಯ ಪುಟ್ಟದೊಂದು. ಕಲ್ಲಿನ ಪಕ್ಕಕ್ಕೆ, ಹೆಚ್ಚುಕಡಿಮೆ ತಾಗುವಂತೆ, ಮರದ ಮಣೆ ಇಟ್ಟು ಅದರ ಮೇಲೆ ಇಟ್ಟೆ. ಸೂಜಿ ಅತ್ತಿತ್ತ ತೂಗಿ, ತೂಗುವುದು ಸಣ್ಣದಾಗುತ್ತ, ನಿಂತಿತು. ಹೊರಗೆ ಮಕ್ಕಳು ಪಟಾಕಿ ಹಚ್ಚುತ್ತಿದ್ದರು. ಗೂಟದ ತೂತಿಗೆ ಬೆರಳು ತೂರಿಸಿ ಮೇಲಿನ ಕಲ್ಲನ್ನು ನಿಧಾನಕ್ಕೆ, ಬಲು ನಿಧಾನಕ್ಕೆ ತಿರುಗಿಸಿದೆ. ಆ ಹಳೆಯ ಗುಡುಗು ಎದೆಗೂಡಿನಲ್ಲಿ ಎದ್ದಿತು. ಸೂಜಿಯ ತುದಿ ಗೆರೆಯಿಂದ ಕೂದಲೆಳೆಯಷ್ಟು ಸರಿಯಿತು. ಕಲ್ಲು ಅರ್ಧ ಸುತ್ತು ಬಂದಾಗ ಗೆರೆಯ ಆಚೆಗೆ ಅಷ್ಟೇ ಸರಿಯಿತು. ಸುತ್ತು ಮುಗಿದಾಗ ಮೊದಲಿನಲ್ಲಿಗೆ ಬಂದು ನಿಂತಿತು. ಇನ್ನೊಂದು ಸುತ್ತು ತಿರುಗಿಸಿದೆ. ಮತ್ತೂ ಒಂದು. ಎರಡು ಕಲ್ಲುಗಳ ನಡುವಿನಿಂದ, ಎಂದೋ ಬೀಸಿ ಉಳಿದಿದ್ದ ಹಿಟ್ಟು, ಒಂದು ಚಿಟಿಕೆ, ಮಣೆಯ ಮೇಲೆ ಉದುರಿತು.